ವಾರಿಜಕ್ಕನ ಕೋಣೆಗೆ ನಾಲ್ಕು ಕಡ್ಡಿ

ನಮ್ಮ ಊರಿನಲ್ಲಿ ಬೇರೆಯವರ ವಸ್ತುವನ್ನು ತಂದು ಇಟ್ಟುಕೊಂಡರೆ, ಅದನ್ನು ವಾಪಸ್ ಕೊಡುವವರೆಗೆ ಅದು ಇರುವ ಕೋಣೆಯೊಳಗೆ ವೈಫೈ ಬರುವುದಿಲ್ಲ. ರೂಟರ್ ಎಷ್ಟು ದೊಡ್ಡದಿರಲಿ, ಎಷ್ಟು ಹತ್ತಿರವಿರಲಿ, ಸಿಗ್ನಲ್ ಹೊಸ್ತಿಲವರೆಗೆ ಬಂದು ನಿಲ್ಲುತ್ತದೆ. ಹಾಗಾಗಿ ಪಕ್ಕದ ಮನೆಯವರು ಬಾಗಿಲು ತಟ್ಟಿದರೆ ನಾವು ಮೊದಲು ನೋಡುವುದು ಅವರ ಕೈಯನ್ನು. ಕೈಯಲ್ಲಿ ಪಾತ್ರೆ ಇದ್ದರೆ ಅವರ ಮನೆಯಲ್ಲಿ ಯಾರದೋ ಪರೀಕ್ಷೆಯ ಫಲಿತಾಂಶ ಬರುವುದಿದೆ, ಇಲ್ಲವೇ ಅಳಿಯ ಬಂದಿದ್ದಾನೆ ಎಂದು ಲೆಕ್ಕ. ಪಾತ್ರೆಯನ್ನು ಖಾಲಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಹಿಡಿ ಸಕ್ಕರೆಯನ್ನೋ ನಾಲ್ಕು ನಿಂಬೆಹಣ್ಣನ್ನೋ ಹಾಕಿ ಕೊಡುತ್ತಾರೆ. ಬಾಡಿಗೆಗೆ ತಂದದ್ದಕ್ಕೆ ತೊಂದರೆಯಿಲ್ಲ, ಮನಸಾರೆ ಕೊಟ್ಟದ್ದಕ್ಕೂ ಇಲ್ಲ. ಹೋದ ವರ್ಷ ಪುರಸಭೆಯ ಒಂದು ಶಾಖೆಯಲ್ಲಿ ಹನ್ನೊಂದು ದಿನ ಕೆಲಸ ನಿಂತುಹೋಗಿತ್ತು. ಕೊನೆಗೆ ಕಪಾಟಿನ ಹಿಂದೆ, ಮಳೆಯ ದಿನ ಯಾರೋ ಅರ್ಜಿದಾರರಿಂದ ಇಸಿದುಕೊಂಡಿದ್ದ ಛತ್ರಿ ಸಿಕ್ಕಿತು.

ನಾನು ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲೇ ಇದ್ದೆ. ಇಂಟರ್‌ವ್ಯೂ ಎಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆಮೇಲೆ ಅಮ್ಮನೇ ಮೋನಪ್ಪಾಚಾರ್ ಅವರ ಅಂಗಡಿಗೆ ಕರೆದುಕೊಂಡು ಹೋಗಿ ಸೇರಿಸಿದಳು. ಆಚಾರ್ರು ಮೊದಲು ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದವರು. ಊರಿನ ಅರ್ಧ ಪಾತ್ರೆಗಳ ಮೇಲಿರುವುದು ಅವರ ಕೈಬರಹ. ಯಾರ ಮನೆಯ ಬೋಗುಣಿ ಯಾರ ಮನೆಯಲ್ಲಿ ಕುಳಿತಿದೆ ಎಂದು ಮೊದಲ ಅಕ್ಷರ ನೋಡಿಯೇ ಹೇಳಬಲ್ಲರು. ಆದ್ದರಿಂದ ವೈಫೈ ಬಂದ ಮೇಲೆ, ಕೋಣೆಗಳಿಗೆ ಸಿಗ್ನಲ್ ತರಿಸುವ ಕೆಲಸ ತಾನಾಗಿಯೇ ಅವರ ಕೈಗೆ ಬಂತು. ನನ್ನ ಕೆಲಸ ಇಷ್ಟೇ: ಆಚಾರ್ರು ಹಜಾರದಲ್ಲಿ ರೂಟರ್ ಪಕ್ಕ ಕೂತು, ಮನೆಯವರನ್ನು ಮಾತಾಡಿಸುತ್ತ, "ಇದು ಯಾರದು? ಅದು ಯಾರದು?" ಎಂದು ಕೇಳುತ್ತಾರೆ. ನಾನು ಅವರ ಫೋನು ಹಿಡಿದು ಕೋಣೆ ಕೋಣೆಗೆ ಹೋಗಿ, ಎಷ್ಟು ಕಡ್ಡಿ ಸಿಗ್ನಲ್ ಇದೆ ಎಂದು ಬೆರಳಿನಲ್ಲಿ ತೋರಿಸುತ್ತೇನೆ. ಅವರಿಗೆ ಕಿವಿ ಸ್ವಲ್ಪ ಮಂದ, ನನಗೆ ದನಿ ಸ್ವಲ್ಪ ಮಂದ. ಇಬ್ಬರಿಗೂ ಹೊಂದಿಕೆಯಾಗಿತ್ತು.

ಆಚಾರ್ರದು ಒಂದು ಕಟ್ಟುನಿಟ್ಟು. ಗಿರಾಕಿಗಳ ಮನೆಯೊಳಗೆ ಬರಿಗೈಯಲ್ಲಿ ಹೋಗಬೇಕು. ಚೀಲ, ಊಟದ ಡಬ್ಬಿ ಎಲ್ಲ ಸ್ಕೂಟರಿನ ಬಾಕ್ಸಿನಲ್ಲೇ ಇರಬೇಕು. ನನ್ನ ಚೀಲದಲ್ಲಿ ಡೈರಿಯೂ ನೀಲಿ ಪೆನ್ನೂ ಇರುತ್ತಿದ್ದವು. ಮಧ್ಯಾಹ್ನ ಊಟವಾದ ಮೇಲೆ ಯಾವುದಾದರೂ ಮರದಡಿ ಕೂತು ನಾಲ್ಕು ಸಾಲು ಬರೆಯುತ್ತಿದ್ದೆ. ಮನೆಗೆ ಬಂದು ನನ್ನ ಕೋಣೆಯಲ್ಲಿ ಮತ್ತೆ ಬರೆಯುತ್ತಿದ್ದೆ. ನನ್ನ ಕೋಣೆಯಲ್ಲಿ ಸಿಗ್ನಲ್ ಇರಲಿಲ್ಲ. "ಊರಿಗೆಲ್ಲ ಸಿಗ್ನಲ್ ಹಂಚ್ತಾಳೆ, ಇವಳ ಕೋಣೇಲಿ ಒಂದು ಕಡ್ಡಿಗೂ ಗತಿಯಿಲ್ಲ," ಎಂದು ಅಮ್ಮ ಹೇಳುತ್ತಲೇ ಇದ್ದಳು. ಗೋಡೆ ದಪ್ಪ ಎಂದು ನಾನು ಹೇಳುತ್ತಿದ್ದೆ. ಗೋಡೆ ದಪ್ಪವಾಗಿಯೇ ಇತ್ತು.

ಗುರುವಾರ ವಾರಿಜಕ್ಕನ ಮನೆಗೆ ಹೋದೆವು. ನಲವತ್ತು ದಾಟಿದ ಹೆಂಗಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಾಗಿಲು ತೆಗೆದಳು. ಮದುವೆಗೆ ಮುಂಚೆ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದಳಂತೆ. ಇಪ್ಪತ್ತೆರಡು ವರ್ಷದ ಮೇಲೆ ಈಗ ಒಂದು ಕೆಲಸ ಸಿಕ್ಕಿತ್ತು. ದೂರದ ಯಾವುದೋ ಕಂಪನಿ. ಅವರು ಕಳಿಸುವ ಮಾತುಗಳನ್ನು ಕಿವಿಗೆ ಹಾಕಿಕೊಂಡು ಕೇಳಿ ಟೈಪ್ ಮಾಡಿ ಕಳಿಸುವುದು. ಗುಟ್ಟಿನ ಕಾಗದಪತ್ರಗಳಂತೆ, ಬಾಗಿಲು ಹಾಕಿಕೊಂಡು ಮಾಡಬೇಕು. ಸೋಮವಾರ ಹತ್ತು ಗಂಟೆಗೆ ಕಂಪನಿಯವರು ವಿಡಿಯೋದಲ್ಲಿ ಕೋಣೆಯನ್ನೂ ಸಿಗ್ನಲ್ಲನ್ನೂ ನೋಡುತ್ತಾರೆ. ಸರಿಯಿದ್ದರೆ ಕೆಲಸ, ಇಲ್ಲದಿದ್ದರೆ ಪಟ್ಟಿಯಲ್ಲಿ ಅವಳ ಕೆಳಗಿರುವವರಿಗೆ.

ಆ ಮನೆಯಲ್ಲಿ ಬಾಗಿಲಿರುವ ಕೋಣೆ ಒಂದೇ. ಅದು ಅವಳ ಅತ್ತೆ ಸಾವಂತ್ರಮ್ಮನವರದು. ಐವತ್ತು ವರ್ಷದ ಸಾಮಾನು ಅಲ್ಲಿ ಸೂರಿನವರೆಗೆ ಏರಿತ್ತು. ಒಳಗೆ ಹೋಗಿ ಫೋನು ನೋಡಿ, ಹೊರಗೆ ಬಂದು ಮುಷ್ಟಿ ತೋರಿಸಿದೆ. ಮುಷ್ಟಿ ಎಂದರೆ ಸೊನ್ನೆ.

"ಇಷ್ಟು ಸಾಮಾನು ನೆನಪಲ್ಲಿ ಇಟ್ಕೊಂಡು ಕೇಳೋಕಾಗಲ್ಲ ಅಮ್ಮಣ್ಣಿ," ಎಂದರು ಆಚಾರ್ರು. "ಹೋಗಿ ಕಾಗದ ಪೆನ್ನು ತಗೊಂಡ್ಬಾ. ಒಂದೊಂದಾಗಿ ಬರಿ."

ನಾನು ಸ್ಕೂಟರಿನ ಬಾಕ್ಸಿನಿಂದ ಕಾಗದವನ್ನೂ ಪೆನ್ನನ್ನೂ ತಂದೆ. ನಾನು ಹೇಳುತ್ತ, ಬರೆಯುತ್ತ ಹೋದೆ; ಸಾವಂತ್ರಮ್ಮ ಮಂಚದ ಮೇಲೆ ಕಾಲು ಚಾಚಿ ಕೂತು ಉತ್ತರ ಕೊಡುತ್ತ ಹೋದರು. ಹಿತ್ತಾಳೆ ಕೊಳಗ, "ನಂದು." ಮಗುವಿನ ತೊಟ್ಟಿಲು, "ನಂದು, ನನ್ನ ಮಗ ನಟೇಶ ಮಲಗಿದ್ದು." ಶಾವಿಗೆ ಒತ್ತುವ ಮಣೆ... ಅಲ್ಲಿ ಅಜ್ಜಿ ಚಾಚಿದ ಕಾಲು ಮಡಿಸಿಕೊಂಡರು.

"ಇದೂ ನಿಮ್ದೇನಾ ತಾಯಿ?" ಆಚಾರ್ರು ಬಾಗಿಲಿನಿಂದ ಕೇಳಿದರು.

"ನಂದೇ ಅನ್ಕೊಂಡಿದ್ದೆ. ಈಗ ನೀವು ಕೇಳಿದ್ಮೇಲೆ ಮೂಲೆ ಮನೆ ತಿಪ್ಪಮ್ಮಂದು ಅಂತ ಅನ್ನಿಸ್ತಿದೆ."

"ಅನ್ನಿಸೋದಕ್ಕೆ ಎಷ್ಟು ವರ್ಷ ಆಯ್ತು?"

"ತಿಪ್ಪಮ್ಮನ ಮಗಳ ಮದುವೇಲಿ ತಂದದ್ದು. ಆ ಮಗಳಿಗೀಗ ಮೊಮ್ಮಗು."

ಆ ದಿನ ಮೂರು ಸಾಮಾನು ಹೊರಗೆ ಹೋದವು. ಶಾವಿಗೆ ಮಣೆಯಲ್ಲಿ ಏನನ್ನೂ ತುಂಬಿಸಿ ಕೊಡಲಾಗದೆಂದು ಅದರ ತೂತಿಗೆ ಒಂದು ಕಟ್ಟು ಶಾವಿಗೆಯನ್ನೇ ಸಿಕ್ಕಿಸಿ ಕಳಿಸಿದರು. ನಾನು ಪಟ್ಟಿಯಲ್ಲಿ ಮೂರು ಗೀಟು ಎಳೆದು ಫೋನು ನೋಡಿದೆ. ಮುಷ್ಟಿ.

ಶುಕ್ರವಾರ ಬೆಳಗ್ಗೆ ಹೋದಾಗ ವಾರಿಜಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ನಿನ್ನೆ ನೀವು ಆ ಕಡೆ ಹೋದ್ರಿ, ಈ ಕಡೆ ಬಂತು ಆಚಾರ್ರೇ. ನಾಲ್ಕು ಕಡ್ಡಿ. ನನ್ನ ಕಣ್ಣಾರೆ ನೋಡ್ದೆ."

ನಾನು ಪಟ್ಟಿ ಹಿಡಿದುಕೊಂಡು, ಪೆನ್ನನ್ನು ಜಡೆಗೆ ಸಿಕ್ಕಿಸಿಕೊಂಡು ಒಳಗೆ ಹೋದೆ. ಒಂದೂ ಇರಲಿಲ್ಲ.

ಆಚಾರ್ರು ತುಂಬ ಹೊತ್ತು ಗಡ್ಡ ಕೆರೆದರು. ಆಮೇಲೆ ಮೆಲ್ಲಗೆ, ಯಾರಿಗೂ ನೋವಾಗಬಾರದು ಎನ್ನುವ ದನಿಯಲ್ಲಿ ಹೇಳಿದರು. "ನೋಡಮ್ಮ, ಸಂಜೆ ಬಂದದ್ದು ಬೆಳಗ್ಗೆ ಹೋಯ್ತು ಅಂದ್ರೆ, ಮಧ್ಯದಲ್ಲಿ ಯಾರೋ ಏನೋ ತಂದಿಟ್ಟಿದ್ದಾರೆ. ಮನೆಯವರೇ."

ಮನೆಯವರು ಎಂದರೆ ಮೂರೇ ಜನ. ವಾರಿಜಕ್ಕ ತನ್ನ ಗಂಡನ ಕಡೆ ನೋಡಿದಳು. ನಟೇಶಣ್ಣ ಗಿರಣಿಗೆ ಹೊರಟು ನಿಂತಿದ್ದವನು ಎರಡೂ ಜೇಬು ಹೊರಗೆ ಎಳೆದು ತೋರಿಸಿದ. "ಬೆಂಕಿಪೆಟ್ಟಿಗೆ ಕೂಡ ನಂದೇ ಕಣೇ. ಬೇಕಾದ್ರೆ ಮೂಸಿ ನೋಡು."

"ನಾನೇನಂದೆ ಈಗ?"

"ಅನ್ಲಿಲ್ಲ. ನೋಡ್ದೆ."

ಅವರಿಬ್ಬರೂ ಒಟ್ಟಿಗೆ ಅಜ್ಜಿಯ ಕಡೆ ತಿರುಗಲಿಲ್ಲ ನಿಜ. ಆದರೆ ತಿರುಗದಂತೆ ಕತ್ತು ಬಿಗಿಹಿಡಿದದ್ದು ಅಜ್ಜಿಗೆ ಕಾಣಿಸಿತು. ಸಾವಂತ್ರಮ್ಮ ಮಂಚದಿಂದ ಇಳಿದರು. "ಓಹೋ. ಸೊಸೆ ಕೆಲಸಕ್ಕೆ ಹೋಗಬಾರದು ಅಂತ ಮುದುಕಿ ಕದ್ದು ಕದ್ದು ತಂದಿಡ್ತಿದಾಳೆ ಅಂತಲೋ? ಆಗ್ಲಿ. ಎಲ್ಲಾ ಹೊರಗೆ ಹಾಕಿ. ನನ್ನದೂ ಹಾಕಿ."

ಅತ್ತೆ ಬೇಡ ಎಂದು ವಾರಿಜಕ್ಕ ಬೇಡಿಕೊಂಡಳು. ಅಜ್ಜಿ ಕೇಳಲಿಲ್ಲ. ಕೊಳಗ, ತೊಟ್ಟಿಲು, ಕನ್ನಡಿ ಹಜಾರಕ್ಕೆ ಬಂದವು. ಸಂಜೆವರೆಗೂ ಹೊತ್ತರು. ಆ ಸಂಜೆ ಕರೆಂಟ್ ಇಲ್ಲದೆ ಸಿಗ್ನಲ್ ಬಂತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಉಳಿದದ್ದು ಹಿತ್ತಾಳೆ ಮೂಲೆಗಟ್ಟಿನ ಒಂದು ಮರದ ಪೆಟ್ಟಿಗೆ. ಅಜ್ಜಿಯ ತಾಯಿಯದು. ಅದರ ಕಥೆ ಆಚಾರ್ರಿಗೆ ಗೊತ್ತಿತ್ತು, ದಾರಿಯಲ್ಲಿ ನನಗೆ ಹೇಳಿದರು. ತಾಯಿ ಅದನ್ನು ಮಗಳಿಗೆ ಕೊಟ್ಟೆ ಎಂದು ಕಣ್ಣುಮುಚ್ಚುವ ಮುಂಚೆ ಹೇಳಿದ್ದಳಂತೆ, ಕೇಳಿಸಿಕೊಂಡವರು ಸಾವಂತ್ರಮ್ಮ ಒಬ್ಬರೇ. ಕೆಳಗಿನ ಬೀದಿಯಲ್ಲಿರುವ ಅಜ್ಜಿಯ ತಮ್ಮನ ಹೆಂಡತಿ ಪುಟ್ಟಗೌರಮ್ಮ ಮಾತ್ರ, ಅದು ಆ ಮನೆಯ ಸೊಸೆಯಾದ ತನಗೆ ಸೇರಬೇಕಾದ ಪೆಟ್ಟಿಗೆ, ಇವಳು ಹೊತ್ತುಕೊಂಡು ಬಂದದ್ದು ಎಂದು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದಳು.

ಶನಿವಾರ ನಾವು ಹೋಗುವ ಹೊತ್ತಿಗೆ ಪೆಟ್ಟಿಗೆಯನ್ನು ತಳ್ಳುಗಾಡಿಗೆ ಏರಿಸಿ ಕೆಳಗಿನ ಬೀದಿಗೆ ಕಳಿಸುತ್ತಿದ್ದರು. "ಹೋಗ್ಲಿ ಬಿಡಿ," ಎಂದರು ಅಜ್ಜಿ. "ಇವಳ ಕೆಲಸಕ್ಕೆ ನಾನು ಅಡ್ಡ ಬಂದೆ ಅನ್ನೋ ಮಾತು ನಂಗೆ ಬೇಡ." ಪೆಟ್ಟಿಗೆಯೊಳಗೆ ಎರಡು ಸೇರು ಅಕ್ಕಿಯನ್ನೂ ಒಂದು ಅಚ್ಚು ಬೆಲ್ಲವನ್ನೂ ಹಾಕಿಸಿದ್ದರು, ಖಾಲಿ ಕೊಡಬಾರದೆಂದು.

ನಾನು ಕೋಣೆಗೆ ಹೋದೆ. ಒಂದು ಮೇಜು, ಒಂದು ಕುರ್ಚಿ, ಹೊಸದಾಗಿ ಸುಣ್ಣ ಬಳಿದ ವಾಸನೆ. ಪೆಟ್ಟಿಗೆ ಇದ್ದ ಕಡೆ ನೆಲದಲ್ಲಿ ನಾಲ್ಕು ಮೂಲೆಯ ಗುರುತು. ಪಟ್ಟಿಯಲ್ಲಿ ನಲವತ್ತೊಂದು ಹೆಸರು, ನಲವತ್ತೊಂದಕ್ಕೂ ಗೀಟು. ಫೋನು ನೋಡಿದೆ. ಒಂದು ಕಡ್ಡಿಯೂ ಇರಲಿಲ್ಲ.

ಇನ್ನೇನು ಉಳಿದಿದೆ ಎಂದು ಸುತ್ತ ನೋಡಿದೆ. ಕೋಣೆಯಲ್ಲಿ ಇದ್ದದ್ದು ನಾನು. ಫೋನು ಆಚಾರ್ರದು, ಅವರು ಅಲ್ಲೇ ಹಜಾರದಲ್ಲಿದ್ದರು. ಕಾಗದ ಅವರ ಅಂಗಡಿಯದು. ಪೆನ್ನು.

ಪೆನ್ನು ರೋಹಿಣಿಯದು.

ಇದು ಆಗ ಹೊಳೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೂರು ವರ್ಷದಿಂದ ನಾನೇ ಇಂಕು ತುಂಬಿಸಿ, ನಾನೇ ತೊಳೆದು, ದಿನಾ ಬರೆದು, ಅದು ನನ್ನ ಬೆರಳಿನಂತೆಯೇ ಆಗಿತ್ತು. ಆದರೂ ಅದು ಯಾರದೆಂದು ನಾನು ಮರೆತಿರಲಿಲ್ಲ, ನೆನಪಾಗದ ಹಾಗೆ ನೋಡಿಕೊಂಡಿದ್ದೆ. ಕೊನೆಯ ವರ್ಷದ ಇತಿಹಾಸ ಪರೀಕ್ಷೆಯಲ್ಲಿ ನನ್ನ ಪೆನ್ನು ಕೈಕೊಟ್ಟಾಗ, ಮುಂದಿನ ಬೆಂಚಿನ ರೋಹಿಣಿ ತಿರುಗಿ ತನ್ನ ಒಳ್ಳೆಯ ಪೆನ್ನು ಕೊಟ್ಟು, ತಾನು ಇನ್ನೊಂದು ಹಳೆಯದನ್ನು ಇಟ್ಟುಕೊಂಡಳು. ಅದು ಅರ್ಧ ಗಂಟೆಗೆ ಕಟ್ಟಿಕೊಂಡಿತು. ಅವಳು ಅದನ್ನು ಒದರುತ್ತ, ಬಾಯಿಂದ ಊದುತ್ತ ಇದ್ದದ್ದು ಹಿಂದೆ ಕೂತ ನನಗೆ ಕಾಣುತ್ತಿತ್ತು. ನಾನು ಬರೆಯುತ್ತಲೇ ಇದ್ದೆ. ಎರಡು ಪ್ರಶ್ನೆ ಬಿಟ್ಟು ಎದ್ದಳು. ಅವಳಿಗೆ ಎಂ.ಎ. ಸೀಟು ಮೂರು ಅಂಕದಲ್ಲಿ ತಪ್ಪಿತು. ನಾಳೆ ಹೋಗಿ ಕೊಡೋಣ ಎಂದುಕೊಂಡೆ. ಫಲಿತಾಂಶ ಬಂದ ಮೇಲೆ ಯಾವ ಮುಖ ಇಟ್ಟುಕೊಂಡು ಹೋಗುವುದು ಎಂದುಕೊಂಡೆ. ಹಾಗೇ ಆಯಿತು.

"ಎಷ್ಟು ಅಮ್ಮಣ್ಣಿ?" ಆಚಾರ್ರು ಕೂಗಿದರು.

ನಾನು ಏನೂ ತೋರಿಸದೆ ಹೊರಗೆ ಬಂದೆ, ಚಪ್ಪಲಿ ಮೆಟ್ಟದೆ ಸ್ಕೂಟರಿನವರೆಗೆ ಹೋಗಿ ಪೆನ್ನನ್ನು ಬಾಕ್ಸಿಗೆ ಹಾಕಿ, ಮತ್ತೆ ಒಳಗೆ ಹೋಗಿ, ಬಾಗಿಲಿಗೆ ಬಂದು ನಾಲ್ಕು ಬೆರಳು ಎತ್ತಿದೆ.

ವಾರಿಜಕ್ಕ ಓಡಿ ಬಂದು ನನ್ನ ಎರಡೂ ಕೆನ್ನೆ ಹಿಂಡಿದಳು. ನಟೇಶಣ್ಣ ಆಚಾರ್ರ ಕೈ ಕುಲುಕಿದ. ಎಲ್ಲ ಮುಗಿದ ಮೇಲೆ ಸಾವಂತ್ರಮ್ಮನ ದನಿ ಕೇಳಿಸಿತು. ಹಜಾರದಲ್ಲಿ ಕನ್ನಡಿಗೆ ಒರಗಿ ಕೂತಿದ್ದರು.

"ಅಂದ್ರೆ ಪೆಟ್ಟಿಗೆ ಹೋದ್ಮೇಲೆ ಬಂತು."

ಸೆರಗಿನ ತುದಿಯಿಂದ ಕನ್ನಡಿಯ ಧೂಳು ಒರೆಸಿದರು.

"ಅಂದ್ರೆ ಪುಟ್ಟಗೌರಿ ಹೇಳಿದ್ದೇ ಸರಿ. ನಮ್ಮಮ್ಮ ನಂಗೆ ಕೊಟ್ಟಿರ್ಲಿಲ್ಲ."

"ಹಳೇ ಮಾತು ಬಿಡಿ ಅತ್ತೆ," ಎಂದಳು ವಾರಿಜಕ್ಕ.

"ಕೊಟ್ಟೆ ಅಂದಿದ್ಲು ಕಣೇ. ನಾನು ಕೇಳಿಸ್ಕೊಂಡೆ. ಇಲ್ಲಾ, ಕೇಳಿಸ್ಕೊಂಡೆ ಅಂತ ನಂಗೆ ನಾನೇ ಹೇಳ್ಕೊಂಡ್ನೋ ಏನೋ."

ನಾನು ಅಲ್ಲೇ ನಿಂತಿದ್ದೆ, ಅವರಿಂದ ಮೂರು ಮಾರು ದೂರದಲ್ಲಿ. ಬಾಯಿ ತೆರೆದಿದ್ದರೆ ನಾಲ್ಕು ಮಾತಿನ ಕೆಲಸ. ತೆರೆಯಲಿಲ್ಲ. ಆಚಾರ್ರ ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದೆ. ಆ ಸಂಜೆ ಡೈರಿಯಲ್ಲಿ ತಾರೀಖು ಬರೆದು ಪೆನ್ನಿಗೆ ಮುಚ್ಚಳ ಹಾಕಿದೆ. ಆ ತಾರೀಖಿನ ಕೆಳಗೆ ಪುಟ ಈಗಲೂ ಖಾಲಿಯಿದೆ.

ಭಾನುವಾರ ಬೆಳಗ್ಗೆ ಅಂಗಡಿಗೆ ರಜೆ. ನಾನೊಬ್ಬಳೇ ನಡೆದುಕೊಂಡು ವಾರಿಜಕ್ಕನ ಮನೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದೆ. ಸಾವಂತ್ರಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವರನ್ನು ನೋಡಿದ ಕೂಡಲೇ ಜೋಡಿಸಿದ್ದೆಲ್ಲ ಉದುರಿತು.

"ಅಜ್ಜಿ, ಪೆಟ್ಟಿಗೆಯಿಂದ ಅಲ್ಲ," ಎಂದೆ. "ನನ್ನಿಂದ."

"ಏನು?"

"ಈ ಪೆನ್ನು ನಂದಲ್ಲ. ಇದನ್ನ ಹಿಡ್ಕೊಂಡೇ ಕೋಣೇಲಿ ನಿಂತಿದ್ದೆ. ಮೂರು ದಿನಾನೂ. ನಿನ್ನೆ ಇದನ್ನ ಹೊರಗಿಟ್ಟೆ, ಸಿಗ್ನಲ್ ಬಂತು. ಹೇಳಲಿಲ್ಲ."

ಅವರು ನನ್ನನ್ನು ನೋಡಿದರು, ಪೆನ್ನನ್ನು ನೋಡಿದರು. ಮಡಿಲಿನ ಅವರೆಕಾಳನ್ನು ಮೊರಕ್ಕೆ ಸುರಿದು ಎದ್ದರು. "ವಾರಿಜಾ! ಫೋನ್ ತಗೊಂಡು ಕೋಣೇಲಿ ನಿಂತ್ಕೋ. ನೀನು ಒಳಗೆ ಹೋಗು ಹುಡುಗಿ, ಪೆನ್ನು ಹಿಡ್ಕೊಂಡು."

ಹೋದೆ. "ಹೋಯ್ತು ಅತ್ತೆ," ಎಂದಳು ವಾರಿಜಕ್ಕ.

"ಹೊರಗೆ ಬಾ."

ಬಂದೆ. "ಬಂತು!"

"ಇನ್ನೊಂದ್ಸಲ ಹೋಗು."

ನಾಲ್ಕು ಸಲ ಹೋಗಿ ಬಂದ ಮೇಲೆ ಮುಗಿಯಿತು ಎಂದುಕೊಂಡೆ. ಅಜ್ಜಿ ನಟೇಶಣ್ಣನನ್ನು ಕೆಳಗಿನ ಬೀದಿಗೆ ಕಳಿಸಿದರು. ಅರ್ಧ ಗಂಟೆಯಲ್ಲಿ ಪುಟ್ಟಗೌರಮ್ಮ ಬಂದಳು, ಅವಳ ಹಿಂದೆ ಅವಳ ಓರಗಿತ್ತಿ, ಅವರ ಹಿಂದೆ ತಿಪ್ಪಮ್ಮ, ಸುದ್ದಿ ಕೇಳಿ ಇನ್ನೂ ಐದಾರು ಜನ. ಇಡೀ ಕಾಲೇಜಿನಲ್ಲಿ ಒಂದು ಸಲವೂ ವೇದಿಕೆ ಹತ್ತದ ನಾನು, ಅಷ್ಟು ಜನರ ಮುಂದೆ ಒಂದು ಪೆನ್ನು ಎತ್ತಿ ಹಿಡಿದುಕೊಂಡು ಒಳಗೆ ಹೋದೆ, ಹೊರಗೆ ಬಂದೆ. ಹೋದಾಗಲೆಲ್ಲ ಎಲ್ಲರೂ ಒಟ್ಟಿಗೆ "ಹೋಯ್ತು" ಎನ್ನುತ್ತಿದ್ದರು.

"ಸಾಕು ಬಿಡಿ, ಹುಡುಗಿ ಕಾಲು ಸವೆದೀತು," ಎಂದಳು ತಿಪ್ಪಮ್ಮ.

"ಪೆನ್ನಿಂದು ಸರಿ," ಎಂದಳು ಪುಟ್ಟಗೌರಮ್ಮ. "ಪೆಟ್ಟಿಗೇದು?"

"ಅದಕ್ಕೇ ನಿನ್ನ ಕರೆಸಿದ್ದು," ಎಂದರು ಸಾವಂತ್ರಮ್ಮ. "ಪೆಟ್ಟಿಗೆ ತರಿಸು. ಒಳಗಿಡೋಣ. ಸಿಗ್ನಲ್ ಹೋದ್ರೆ ನೀನೇ ತಗೊಂಡು ಹೋಗು, ಇನ್ನು ಆ ಮಾತು ಎತ್ತಲ್ಲ."

ನನ್ನನ್ನು ಪೆನ್ನಿನ ಸಮೇತ ಬೀದಿಯ ಆಚೆ ಬದಿಗೆ ನಿಲ್ಲಿಸಿದರು. ತಳ್ಳುಗಾಡಿ ಬಂತು. ಪೆಟ್ಟಿಗೆಯನ್ನು ಇಬ್ಬರು ಹಿಡಿದು ಒಳಗೆ ಒಯ್ದರು. ಬೀದಿಯಿಂದ ನನಗೆ ಕಾಣುತ್ತಿದ್ದದ್ದು ಬಾಗಿಲಲ್ಲಿ ಒತ್ತಿಕೊಂಡು ನಿಂತವರ ಬೆನ್ನುಗಳು ಮಾತ್ರ. ಬಹಳ ಹೊತ್ತು ಯಾರೂ ಅಲುಗಲಿಲ್ಲ. ಆಮೇಲೆ ಬೆನ್ನುಗಳ ನಡುವಿನಿಂದ ವಾರಿಜಕ್ಕನ ಕೈ ಮೇಲೆ ಬಂತು, ನಾನು ಯಾವಾಗಲೂ ತೋರಿಸುವ ಹಾಗೆ. ನಾಲ್ಕು ಬೆರಳು.

ಪುಟ್ಟಗೌರಮ್ಮ ಮೊದಲು ಹೊರಗೆ ಬಂದಳು. ಜಗಲಿಯಲ್ಲಿ ಕೂತು, ಅರ್ಧಕ್ಕೆ ನಿಂತಿದ್ದ ಅವರೆಕಾಯಿಯನ್ನು ಎಳೆದುಕೊಂಡು ಸುಲಿಯತೊಡಗಿದಳು. "ಅಕ್ಕಿ ಬೆಲ್ಲ ನಾನು ವಾಪಸ್ ಕೊಡಲ್ಲ," ಎಂದಳು ಒಳಗೆ ಕೇಳುವ ಹಾಗೆ.

"ತಿನ್ನು, ತಿನ್ನು," ಎಂದರು ಒಳಗಿನಿಂದ.

ಆಮೇಲೆ ಸಾವಂತ್ರಮ್ಮ ಬೀದಿ ದಾಟಿ ನಾನಿದ್ದಲ್ಲಿಗೆ ಬಂದರು. ಬೈಯುತ್ತಾರೆ ಎಂದು ಕಾದೆ. "ನಿನ್ನೆಯೇ ಹೇಳಿದ್ರೆ ಒಂದು ರಾತ್ರಿ ನಿದ್ದೆ ಮಾಡ್ತಿದ್ದೆ ನಾನು," ಎಂದರು. "ಪೆನ್ನು ಯಾರದು?"

"ಗೆಳತಿದು."

"ಬದುಕಿದಾಳಾ?"

"ಹೂಂ. ಕೆರೆ ಬೀದೀಲಿ."

"ಮತ್ತೆ ಇಲ್ಲೇನ್ ನಿಂತಿದೀಯ?"

ಆದರೂ ನಾನು ಹೋದದ್ದು ಸೋಮವಾರ ಸಂಜೆ. ಬೆಳಗ್ಗೆ ಅಂಗಡಿಯಲ್ಲಿ ಆಚಾರ್ರಿಗೆ ಎಲ್ಲ ಹೇಳಿದೆ. ಅವರು ಗಡ್ಡ ಕೆರೆದುಕೊಂಡು, "ನಾನೇ ಪೆನ್ನು ತಾ ಅಂದೆ, ನಾನೇ ಮನೆಯವರ ಮೇಲೆ ಹೇಳ್ದೆ. ನಿನ್ನ ತಪ್ಪಲ್ಲಿ ನಂದೂ ಅರ್ಧ," ಎಂದರು. ಹತ್ತೂವರೆಗೆ ಅವರ ಫೋನಿಗೆ ವಾರಿಜಕ್ಕನ ಕರೆ ಬಂತು. ಕಂಪನಿಯವರು ಕೋಣೆ ನೋಡಿ ಆಯಿತಂತೆ, ನಾಳೆಯಿಂದ ಕೆಲಸ. ವಿಡಿಯೋದಲ್ಲಿ ಆ ಕಡೆಯವರು, ಹಿಂದೆ ಕಾಣುವ ಪೆಟ್ಟಿಗೆ ಬಹಳ ಚೆನ್ನಾಗಿದೆ, ಯಾರದು ಎಂದು ಕೇಳಿದರಂತೆ. ಅತ್ತೆ ಬಾಗಿಲ ಹಿಂದಿನಿಂದಲೇ ಉತ್ತರ ಕೊಟ್ಟರಂತೆ.

ರೋಹಿಣಿ ಜಗಲಿಯಲ್ಲಿ ಕೂತು ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ. "ಏನು ಸುಚೇತಾ ಮೇಡಂ, ದಾರಿ ತಪ್ತಾ?"

ಪೆನ್ನು ಮುಂದೆ ಹಿಡಿದೆ. "ಇಂಕು ತುಂಬಿಸಿದೀನಿ."

ಅವಳು ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಪೆನ್ನು ತೆಗೆದುಕೊಂಡಳು, ಮುಚ್ಚಳ ಬಿಚ್ಚಿ ಅಂಗೈ ಮೇಲೆ ಒಂದು ಗೆರೆ ಎಳೆದಳು. ಗೆರೆ ಸರಾಗವಾಗಿ ಬಂತು. "ಎರಡು ಪ್ರಶ್ನೆ ಬಿಟ್ಟು ಎದ್ದೆ ನಾನು ಅವತ್ತು. ಗೊತ್ತಾ ನಿಂಗೆ?"

"ಗೊತ್ತು."

"ಗೊತ್ತಿದ್ದೂ ಬರ್ಲಿಲ್ಲ."

"ಗೊತ್ತಿದ್ದದ್ದಕ್ಕೇ ಬರ್ಲಿಲ್ಲ."

ಅವಳು ಇನ್ನೊಂದು ಗೆರೆ ಎಳೆದಳು. ಇನ್ನೊಂದು. ಅಂಗೈ ತುಂಬ ನೀಲಿಯಾಯಿತು. "ಪೆನ್ನಿಗೋಸ್ಕರ ಕಾಯ್ತಿದ್ದೆ ಅನ್ಕೊಂಡ್ಯಾ? ಮನೇಲಿ ಪೆನ್ನಿಗೇನು ಬರ," ಎಂದು ಎದ್ದು ಒಳಗೆ ಹೋದಳು. ಹೊರಟುಬಿಡಲೇ ಎಂದು ನಾನು ಮೆಟ್ಟಿಲ ಕಡೆ ತಿರುಗುವಷ್ಟರಲ್ಲಿ ಒಂದು ಸ್ಟೀಲ್ ಡಬ್ಬಿ ತಂದು ನನ್ನ ಕೈಗಿಟ್ಟಳು. ಕೋಡುಬಳೆಯ ವಾಸನೆ. ಮುಚ್ಚಳದ ಮೇಲೆ ಅವಳ ಅಮ್ಮನ ಹೆಸರು, ಆಚಾರ್ರ ಕೈಬರಹದಲ್ಲಿ.

"ಡಬ್ಬಿ ಅಮ್ಮಂದು. ವಾಪಸ್ ಬರ್ಬೇಕು," ಎಂದಳು. "ಇದಕ್ಕೂ ಮೂರು ವರ್ಷ ಮಾಡ್ಬೇಡ."

ಮನೆಗೆ ಬಂದು ಡಬ್ಬಿಯನ್ನು ಅಡುಗೆಮನೆಯಲ್ಲಿಟ್ಟು ನನ್ನ ಕೋಣೆಗೆ ಹೋಗಿ ಫೋನು ನೋಡಿದೆ. ನಾಲ್ಕು ಕಡ್ಡಿ. ಮೂರು ವರ್ಷದಲ್ಲಿ ಮೊದಲ ಸಲ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತೆ. ಆಮೇಲೆ ಎದ್ದು ಹೋಗಿ ಡಬ್ಬಿಯನ್ನು ತಂದು ಡೈರಿಯ ಪಕ್ಕದಲ್ಲಿ, ದಿನಾ ಕಣ್ಣಿಗೆ ಬೀಳುವಲ್ಲಿ ಇಟ್ಟೆ.

"ಬಂತೇನೇ ಸಿಗ್ನಲ್ಲು? ಎಷ್ಟಿದೆ?" ಹಜಾರದಿಂದ ಅಮ್ಮ ಕೇಳಿದಳು.

"ಒಂದೂ ಇಲ್ಲಮ್ಮಾ," ಎಂದೆ. ನನ್ನ ದನಿ ಹಿತ್ತಲಿನವರೆಗೆ ಕೇಳಿಸಿರಬೇಕು.

ಇದನ್ನು ಅಂಗಡಿಯ ಬಾಲ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಆಚಾರ್ರು ಇಟ್ಟುಕೋ ಎಂದು ಕೊಟ್ಟದ್ದು. ಕೋಡುಬಳೆ ಎರಡು ದಿನಕ್ಕೆ ಮುಗಿಯುತ್ತದೆ. ಗುರುವಾರ ಡಬ್ಬಿ ಕೊಡಲು ಹೋಗಬೇಕು. ಅದರಲ್ಲಿ ಏನು ಹಾಕಿ ಕೊಡುವುದು ಎಂದು ಯೋಚಿಸುತ್ತಿದ್ದೇನೆ.